ಏಳನೇ ಉಲ್ಲೇಖ

ವೈದ್ಯಕೀಯ ಪತ್ರಿಕೆಯವರಿಗೆ ಕಾಯಿಲೆಗಿಂತ ಅಲ್ಪವಿರಾಮದ ಚಿಂತೆ ಹೆಚ್ಚು. ನನ್ನ ಪ್ರಬಂಧ ಒಪ್ಪಿಗೆಯಾಗಿದೆ ಎಂದು ಒಂದೇ ಸಾಲು ಬರೆದು, ಅದರ ಕೆಳಗೆ ಉಲ್ಲೇಖಪಟ್ಟಿಯ ತಪ್ಪುಗಳನ್ನು ಪುಟಗಟ್ಟಲೆ ಸುರಿದಿದ್ದರು. ಲೇಖಕರು ಆರಕ್ಕಿಂತ ಹೆಚ್ಚಿದ್ದರೆ ಉಳಿದವರನ್ನು 'ಮತ್ತಿತರರು' ಎನ್ನಬೇಕಂತೆ. ಪತ್ರಿಕೆಯ ಹೆಸರನ್ನು ಪೂರ್ತಿ ಬರೆಯಬಾರದಂತೆ. ವರ್ಷದ ಮುಂದೆ ಅರ್ಧವಿರಾಮ ಇರಬೇಕಂತೆ, ಆದರೆ ಅದರ ಮುಂದೆ ಜಾಗ ಬಿಡಬಾರದಂತೆ. ಬಿಟ್ಟರೆ ಯಾವ ರೋಗಿ ಸಾಯುತ್ತಾಳೋ ದೇವರೇ ಬಲ್ಲ! ಗೊಣಗುತ್ತಲೇ ಒಂದೊಂದನ್ನೂ ತಿದ್ದುತ್ತ ಬಂದೆ. ಏಳನೆಯದಕ್ಕೆ ಬಂದಾಗ ಕೈ ನಿಂತಿತು.

"ಏಳನೇ ಉಲ್ಲೇಖ ಮುದ್ರಿತ ಮೂಲವಲ್ಲ, ಖಾಸಗಿ ಮಾತುಕತೆ. ಪಟ್ಟಿಯಿಂದ ತೆಗೆಯಿರಿ. ಪ್ರಬಂಧದ ಒಳಗೆ ಹೆಸರು ಹೇಳಬೇಕಾದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಕಳಿಸಿ" ಎಂದಿತ್ತು. ಆ ವ್ಯಕ್ತಿ ನಮ್ಮ ಆಪಾ. ತೀರಿಹೋಗಿ ವರ್ಷದ ಮೇಲಾಗಿತ್ತು.

ಗಂಗಾವತಿಯ ಆಸ್ಪತ್ರೆಯಲ್ಲಿ ನಾವಿಬ್ಬರೂ ಡಾಕ್ಟರುಗಳು, ಒಂದೇ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ರೋಗಿಗಳನ್ನು ನೋಡುತ್ತಿದ್ದೆವು. ಅವರು ನನಗಿಂತ ಬಹಳ ಹಿರಿಯರು, ದಿನಾ ಕೊಪ್ಪಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಕ್ಕ ಎನ್ನುವ ಬದಲು ಅವರ ಮನೆಮಾತಿನಲ್ಲಿ ಆಪಾ ಎನ್ನುತ್ತಿದ್ದೆ. ನಾನು ಮದುವೆ ಬೇಡವೆಂದು ಒಬ್ಬಳೇ ಇರುವವಳು. ರೋಗಿಗಳ ಜೊತೆ ಆಡುವುದು ಕೆಲಸದ ಮಾತು, ಮನೆಯಲ್ಲಿ ಆಡಲು ಯಾರೂ ಇಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಆಪಾ ಜೊತೆ ಹರಟಿದ್ದೇ ನನ್ನ ಇಡೀ ದಿನದ ಮಾತು.

ಭತ್ತದ ನಾಟಿ ಶುರುವಾದರೆ ಸಾಕು, ಕಾಲ್ಬೆರಳ ಸಂದಿಯಲ್ಲಿ ಹುಣ್ಣು ಮಾಡಿಕೊಂಡ ಹೆಂಗಸರು ಸಾಲುಗಟ್ಟುತ್ತಾರೆ. ಮುಲಾಮು ಕೊಟ್ಟು ಕಳಿಸಿದರೆ ಅವರೇ ಮತ್ತೆ ಅದೇ ಹುಣ್ಣು ಹೊತ್ತು ಬರುತ್ತಿದ್ದರು. ಒಂದು ಮಧ್ಯಾಹ್ನ ಆಪಾ ರೊಟ್ಟಿ ಮುರಿಯುತ್ತ ಕೇಳಿದರು: "ಗಂಡ ಸತ್ತವರ ಕಾಲು ಲಗೂ ಮಾಯ್ತಾವು, ನೋಡೀಯೇನು?"

"ಏನ್ ಆಪಾ, ಊಟದ ಹೊತ್ತಿನ್ಯಾಗ!" ಎಂದೆ.

"ಹುಚ್ಚಿ, ಅವರ ಕಾಲಾಗ ಉಂಗುರ ಇರಂಗಿಲ್ಲ. ಮುತ್ತೈದೇರಿಗೆ ಉಂಗುರದ ಬುಡಕ ಕೆಸರು ಕುಂತಿರ್ತೈತಿ, ಮುಲಾಮು ಒಳಗ ಹೋಗಂಗಿಲ್ಲ. ತಗೀರಿ ಅಂದ್ರ ಯಾರೂ ತಗಿಯಂಗಿಲ್ಲ. ಹುಣ್ಣು ಮಾಯೋತನಕ ತಾಳಿಗೆ ಕಟ್ಕೋರಿ ಅನ್ನು, ತಗೀತಾರ."

ತೆಗೆದರು! ಬೈದರೂ ಬೆದರಿಸಿದರೂ ಕಾಲುಂಗುರ ಮುಟ್ಟಗೊಡದ ಹೆಂಗಸರು ಕೋಣೆಯಲ್ಲೇ ಅದನ್ನು ಬಿಚ್ಚಿ ತಾಳಿಯ ದಾರಕ್ಕೆ ಕಟ್ಟಿಕೊಂಡರು. ಹುಣ್ಣುಗಳು ಮಾಯತೊಡಗಿದವು. "ಇದನ್ನ ಬರೀರಿ ಆಪಾ" ಎಂದು ದುಂಬಾಲು ಬಿದ್ದೆ. "ನನಗ ರೊಟ್ಟಿ ತಿನ್ನಾಕ ಪುರಸೊತ್ತಿಲ್ಲ, ನೀನ ಬರಿ" ಎಂದರು. ನಾನು ಬರೆಯಲು ಕೂರುವ ಮೊದಲೇ ಅವರ ಎದೆಬಡಿತ ನಿಂತುಹೋಯಿತು. ಆ ಪ್ರಬಂಧ ನಾನು ಬರೆದದ್ದೇ ಆ ಒಂದು ಮಾತು ಅವರ ಹೆಸರಿನಲ್ಲಿ ಅಚ್ಚಾಗಲಿ ಎಂದು. ಉಳಿದ ಉಲ್ಲೇಖಗಳೆಲ್ಲ ಅದಕ್ಕೆ ಒತ್ತಾಸೆಗೆ ನಿಲ್ಲಿಸಿದಂಥವು.

ಸಿಟ್ಟು ನೆತ್ತಿಗೇರಿ ಸಂಪಾದಕರಿಗೆ ಬರೆದೆ: ಸತ್ತವರು ಸಹಿ ಹೇಗೆ ಹಾಕುತ್ತಾರೆ ಸ್ವಾಮಿ? ಅವರು ತಣ್ಣಗೆ ಉತ್ತರಿಸಿದರು. ತೀರಿಕೊಂಡವರು ಹಾಗೆ ಹೇಳಿದ್ದು ಮನೆಯವರಿಗೆ ಗೊತ್ತಿದ್ದರೆ ಮನೆಯವರೇ ಬರೆದುಕೊಡಬಹುದು ಎಂದರು. ರವಿವಾರ ಕಾಗದ ತಯಾರು ಮಾಡಿಕೊಂಡು ಕೊಪ್ಪಳದ ಬಸ್ಸು ಹತ್ತಿದೆ.

ಬಾಗಿಲು ತೆರೆದವನು ಆಪಾರ ಮಗ. "ಯಾರ್ರಿ?" ಎಂದ.

"ನಿಮ್ಮ ಅಮ್ಮಿ ಜೋಡಿ ಕೆಲಸ ಮಾಡ್ತಿದ್ದೆ, ಗಂಗಾವತ್ಯಾಗ."

"ಬರ್ರಿ ಬರ್ರಿ, ಕುಂದರ್ರಿ" ಎಂದು ಒಳಗೆ ಕರೆದ. ಅವನ ಹೆಂಡತಿ ಚಹಾ ತಂದಿಟ್ಟಳು. ಅವನು ಕಾಗದವನ್ನು ನಿಧಾನವಾಗಿ ಓದಿದ, ಮತ್ತೊಮ್ಮೆ ಓದಿದ. ಪೆನ್ನು ತೆಗೆದು ಸುಮ್ಮನೆ ಹಿಡಿದುಕೊಂಡ.

"ಸಹಿ ಮಾಡೋದೇನ್ ದೊಡ್ಡದಲ್ರಿ. ಆದ್ರ ಅಮ್ಮಿ ಮನ್ಯಾಗ ದವಾಖಾನಿ ಸುದ್ದಿನ ತಗೀತಿದ್ದಿಲ್ಲ. ತಪ್ಪ್ ತಿಳ್ಕೋಬ್ಯಾಡ್ರಿ, ನಿಮ್ಮ ಹೆಸರೂ ನಾವು ಕೇಳಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೆಂಗ ಬರೀಲಿ? ನೀವ ಹೇಳ್ರಿ."

ಪ್ರಾಮಾಣಿಕ ಹುಡುಗ, ಆಪಾ ಬೆಳೆಸಿದ್ದೇ ಹಾಗೆ. "ಬ್ಯಾಡ ಬಿಡ್ರಿ" ಎಂದು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ಹೆಸರೂ ಕೇಳಿಲ್ಲವಂತೆ! ಅಷ್ಟು ವರ್ಷ ನನ್ನ ಡಬ್ಬಿಯ ಉಪ್ಪಿನಕಾಯಿ ತಿಂದ ಹೆಂಗಸು ಮನೆಯಲ್ಲಿ ಒಮ್ಮೆಯಾದರೂ ನನ್ನ ಸುದ್ದಿ ಎತ್ತಬಾರದಿತ್ತೇ? ನನಗೆ ಇಡೀ ದಿನವಾಗಿದ್ದದ್ದು ಅವರಿಗೆ ಬರೀ ಊಟದ ಹೊತ್ತಾಗಿತ್ತು. ಗಂಗಾವತಿ ಬರುವಷ್ಟರಲ್ಲಿ ಸಿಟ್ಟು ಇಳಿದು, ಅಂಜಿಕೆ ಹುಟ್ಟಿತು. ಆ ಕೋಣೆಯಲ್ಲಿ ನಾವು ಆಡಿದ್ದೆಲ್ಲ ಇನ್ನು ನನಗೊಬ್ಬಳಿಗೇ ಗೊತ್ತು. ನಾನು ಮರೆತರೆ ಮುಗಿಯಿತು.

ಮಾರನೇ ದಿನ ರೋಗಿಗಳೆಲ್ಲ ಹೋದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಏಳನೆಯದನ್ನು ಅಳಿಸಿದೆ. ಒಂದನ್ನು ತೆಗೆದರೆ ಪ್ರಬಂಧದೊಳಗೆ ಅದರ ಮುಂದಿನ ಅಂಕಿಗಳೆಲ್ಲ ಒಂದೊಂದು ಮೆಟ್ಟಿಲು ಇಳಿಯಬೇಕು, ಎಂಟು ಏಳಾಗಬೇಕು, ಒಂಬತ್ತು ಎಂಟಾಗಬೇಕು. ಇದಕ್ಕೊಂದು ಸಾಫ್ಟ್‌ವೇರ್ ಇದೆಯಂತೆ, ನನಗದು ಒಗ್ಗಲಿಲ್ಲ. ಒಂದೊಂದು ಅಂಕಿಯನ್ನೂ ಅದು ಬಂದಲ್ಲೆಲ್ಲ ಒಮ್ಮೆಗೇ ಬದಲಿಸುವ ಆಜ್ಞೆ ಕೊಡುತ್ತ ಹೋದೆ. ಎಂಟರಿಂದ ಶುರು ಮಾಡುವುದು ಬಿಟ್ಟು ಕೊನೆಯ ಅಂಕಿಯಿಂದ ಶುರು ಮಾಡಿದೆ. ಮೂವತ್ತು ಇಪ್ಪತ್ತೊಂಬತ್ತಾಗಿ ಮೊದಲೇ ಇದ್ದ ಇಪ್ಪತ್ತೊಂಬತ್ತರ ಜೊತೆ ಸೇರಿತು, ಅವೆರಡೂ ಇಪ್ಪತ್ತೆಂಟಾದವು, ಹಾಗೇ ಒಂದರ ಮೇಲೊಂದು ಕುಸಿಯುತ್ತ ಬಂದವು. ಮುಗಿಸಿ ನೋಡುತ್ತೇನೆ, ಮೊದಲ ಆರು ಬಿಟ್ಟರೆ ಎಲ್ಲೆಲ್ಲೂ ಏಳು! ಕೆಸರುನೀರಿನ ಸಂಗತಿಗೂ ಏಳು, ಮುಲಾಮಿಗೂ ಏಳು, ಕೊನೆಯ ವಾಕ್ಯಕ್ಕೂ ಏಳು. ಇಡೀ ಪ್ರಬಂಧವನ್ನು ಆಪಾ ಒಬ್ಬರೇ ಹೇಳಿದಂತಾಗಿತ್ತು.

ನಗು ತಡೆಯಲಾಗಲಿಲ್ಲ. "ಆಪಾ, ಇಲ್ಲಿ ನೋಡ್ರಿ" ಎಂದು ಜೋರಾಗಿಯೇ ಅಂದುಬಿಟ್ಟೆ. ಎದುರಿನ ಮೇಜಿನ ಮೇಲೆ ಔಷಧಿಯ ಖಾಲಿ ಪೆಟ್ಟಿಗೆಗಳಿದ್ದವು.

ಅಂಕಿಗಳನ್ನು ಮತ್ತೆ ಸರಿಪಡಿಸಿದೆ. ಉಳಿದದ್ದು ಆಪಾ ಹೇಳಿದ ಆ ವಾಕ್ಯ. 'ನನ್ನ ಅನುಭವದಲ್ಲಿ' ಎಂದು ಸೇರಿಸಿದರೆ ಯಾರ ಸಹಿಯೂ ಬೇಕಿರಲಿಲ್ಲ. ಹಾಗೆ ಟೈಪು ಮಾಡಿಯೂ ನೋಡಿದೆ. ಕಳ್ಳತನ ಅನ್ನಿಸಿತು. ವಾಕ್ಯವನ್ನೇ ಅಳಿಸಿ ಪ್ರಬಂಧ ಕಳಿಸಿಬಿಟ್ಟೆ.

ಎರಡು ದಿನಕ್ಕೆ ಸಂಪಾದಕರ ಉತ್ತರ ಬಂತು. ಊಟದ ಹೊತ್ತು, ಡಬ್ಬಿಯ ಮುಂದೆ ಕೂತು ಓದಿದೆ. ಅಭಿನಂದನೆಗಳು, ಉಲ್ಲೇಖಪಟ್ಟಿ ಈಗ ಸಂಪೂರ್ಣವಾಗಿದೆ, ಯಾವ ಕೊರತೆಯೂ ಇಲ್ಲ ಎಂದು ಬರೆದಿದ್ದರು. ನಾನು ಎದ್ದು ಕೋಣೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.