ಬೆಳ್ಳಣ್ಣನ ಸುಣ್ಣದ ತೊಟ್ಟಿ

ಆವತ್ತು ಸುಣ್ಣ ಅರಳಿಸುವ ದಿನ. ಬೆಳಕು ಹರಿಯುವಾಗಲೇ ಬೆಳ್ಳಣ್ಣ ಚಿಪ್ಪು ಸುಡುವ ಗೂಡಿನ ಬಾಯಿ ತೆಗೆದ. ಒಳಗೆ ಸುಟ್ಟ ಕಪ್ಪೆಚಿಪ್ಪು. ಗೂಡಿಗೆ ಹೋಗುವಾಗ ಕಲ್ಲಿನಷ್ಟು ಭಾರವಿದ್ದದ್ದು ಈಗ ತರಗೆಲೆಯಷ್ಟು ಹಗುರ. ಅವನ ಹೆಂಡತಿ ಬುಟ್ಟಿ ತುಂಬಿಸಿ ತೊಟ್ಟಿಯ ಕಟ್ಟೆಯವರೆಗೆ ಹೊತ್ತಳು. ಅಲ್ಲಿಂದಾಚೆ ಅವನ ಕೆಲಸ. ಬುಟ್ಟಿಯನ್ನು ನೀರಿಗೆ ಮಗುಚಿ ಹಿಂದಕ್ಕೆ ಸರಿದ. ಮೊದಲು ಸದ್ದಿಲ್ಲ. ಆಮೇಲೆ ಚಟಪಟ ಸಿಡಿಯಿತು. ಒಲೆಯಿಲ್ಲ, ಬೆಂಕಿಯಿಲ್ಲ, ತೊಟ್ಟಿಯ ನೀರು ಕೊತಕೊತ ಕುದಿಯಿತು.

"ನಾನೂ ಒಂದು ಬುಟ್ಟಿ ಹಾಕ್ತೀನಿ," ಅಂದಳು. ವರ್ಷಗಳಿಂದ ಕೇಳುತ್ತಿದ್ದಳು.

"ಬೇಡ. ಕಣ್ಣಿಗೆ ಹಾರಿದ್ರೆ ಕಣ್ಣು ಹೋಗುತ್ತೆ. ನನ್ನ ಕಣ್ಣು ಹೋದ್ರೆ ಕೈ ಹಿಡಿಯೋಕೆ ನೀನಿದ್ದೀಯ. ನಿನ್ನದು ಹೋದ್ರೆ? ನಾನು ಹಿಡ್ಕೊಂಡು ಹೋದ್ರೆ ಇಬ್ಬರೂ ಹಳ್ಳಕ್ಕೇ."

ಕೆಲಸ ಮುಗಿಸಿ ಹಸಿ ಸುಣ್ಣದ ಕಾಲಲ್ಲೇ ಒಳಗೆ ಬಂದ. ಆಗಷ್ಟೇ ಒರೆಸಿದ ನೆಲ. ಅವಳಿಗೆ ಮೈ ಉರಿಯಿತು.

"ರೀ, ನಿಮ್ಮ ಕಾಲಿಗೇನು ಕಣ್ಣಿಲ್ವಾ?"

"ಇದ್ದಿದ್ರೆ ಅದಕ್ಕೂ ಸುಣ್ಣ ಬೀಳ್ತಿತ್ತು ಬಿಡು."

ಮೂಲೆಯಲ್ಲಿ ಕೂತಿದ್ದ ಅತ್ತೆ ನಕ್ಕಳು. ಸೊಸೆ ನಗಲಿಲ್ಲ. ಅದೇ ಅವರ ಕೊನೆಯ ಜಗಳ. ಮರುದಿನ ಬೆಳಗ್ಗೆ ಅವನು ಚಹಾ ಲೋಟ ಹಿಡಿದು ಗೂಡಿನ ಗೋಡೆಗೆ ಒರಗಿ ಕೂತ. ಮತ್ತೆ ಏಳಲಿಲ್ಲ. ಎದೆಬಡಿತ ನಿಂತಿತ್ತು. ಲೋಟ ಮಾತ್ರ ನೆಟ್ಟಗೆ ನಿಂತಿತ್ತು, ಒಂದು ಹನಿ ಚೆಲ್ಲದೆ.

ಅವನು ಕಾಡಿಗೆಯಷ್ಟು ಕಪ್ಪು. ಆದರೂ ಹುಡುಗನಿದ್ದಾಗಿನಿಂದ ಹುಬ್ಬು, ಕೂದಲು, ಕಿವಿಯ ಮಡಿಕೆಯಲ್ಲೆಲ್ಲ ಸುಣ್ಣದ ಪುಡಿ. ಹಾಗಾಗಿ ಬೆಳ್ಳಣ್ಣ. ನಿಜವಾದ ಹೆಸರು ಅವನಿಗೇ ಮರೆತಿತ್ತು. ಮಾತು ಕಡಿಮೆ, ಗೊರಕೆ ಜಾಸ್ತಿ. ಸುಣ್ಣದ ಕೈ ತೊಳೆಯದೆ ಟವೆಲು ಮುಟ್ಟುತ್ತಿದ್ದ, ಮನೆಯಲ್ಲಿ ತೂತಿಲ್ಲದ ಟವೆಲು ಒಂದೂ ಉಳಿದಿರಲಿಲ್ಲ. ತಮ್ಮನ ಮೇಲೆ ಅಮ್ಮನಿಗೆ ಪ್ರೀತಿ ಹೆಚ್ಚು, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಅಂತ ಜನ ಆಡಿದರೆ, "ಸುಣ್ಣದವರ ಮನೇಲಿ ಬೆಣ್ಣೆ ಎಲ್ಲಿಂದ ಬರುತ್ತೆ? ಎರಡೂ ಕಣ್ಣಿಗೂ ಸುಣ್ಣವೇ," ಅನ್ನುತ್ತಿದ್ದ.

ಯಾರದೋ ಕೋಳಿ ಸಿಪ್ಪೆಯಿಲ್ಲದ ಮೊಟ್ಟೆ ಇಡುತ್ತದೆ ಅಂದರೆ ಹಸಿ ಚಿಪ್ಪು ಕುಟ್ಟಿ ಒಂದು ಮುಷ್ಟಿ ಕೊಡುತ್ತಿದ್ದ. ಯಾರದೋ ಹೊಲದ ಮಣ್ಣು ಹುಳಿಯಾಗಿ ಬೆಳೆ ಮೇಲೇಳದಿದ್ದರೆ ಗೂಡಿನ ತಳದ ಪುಡಿ ತುಂಬಿಸಿ ಕಳಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳ ಅಂಗೈಯಲ್ಲಿ ಒಂದು ಚಿಪ್ಪು ಇಟ್ಟು ಹೇಳಿದ್ದ: "ಒಂದು ಮೆತ್ತನೆ ಹುಳ ನೀರಿನಿಂದ ಸುಣ್ಣ ಹೆಕ್ಕಿ ಹೆಕ್ಕಿ ಈ ಮನೆ ಕಟ್ಕೊಂಡಿದೆ. ಅದು ಸತ್ತ ಮೇಲೆ ನಾವು ಆ ಮನೆ ಸುಟ್ಟು ನಮ್ಮ ಮನೆ ಬೆಳ್ಳಗೆ ಮಾಡ್ಕೋತೀವಿ. ನಮ್ಮಂಥ ಕಳ್ಳರು ಇನ್ನಿಲ್ಲ."

ತೊಟ್ಟಿಯ ವಿಷಯದಲ್ಲಿ ಮಾತ್ರ ಅವನು ಹಟಮಾರಿ. ಅರಳಿದ ಸುಣ್ಣ ನೀರಿನಡಿ ಮಲಗಿರಬೇಕು. ಎಷ್ಟು ಮಲಗಿದರೆ ಅಷ್ಟು ನುಣುಪು. ನೀರು ಆರಿದರೆ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ. ಒಮ್ಮೆ ಕಲ್ಲಾಗಿದ್ದು ಗಾರೆಗೆ ಬರುವುದಿಲ್ಲ. ಅದಕ್ಕೇ ಎದ್ದವನೇ ಮುಖ ತೊಳೆಯುವ ಮುಂಚೆ ತೊಟ್ಟಿಗೆ ನೀರು. ಆ ತೊಟ್ಟಿಯ ತಳದಲ್ಲಿ ಅವನ ಅಪ್ಪನ ಕಾಲದ ಸುಣ್ಣವೂ ಇತ್ತು.

ಅವನು ಸತ್ತಾಗ ಮನೆ ತುಂಬ ಜನ. ಅವಳು ಗೋಡೆ ನೋಡುತ್ತ ಮಲಗಿದ್ದಳು, ಹೊರಗೆ ಏನಾಗುತ್ತಿದೆ ಅಂತ ಕೇಳಲಿಲ್ಲ. ಮೈದುನನ ಮಕ್ಕಳು ಅಂಗಳದಲ್ಲಿ ಓಡಾಡುತ್ತಿದ್ದರು. ಕಟ್ಟೆ ಹತ್ತಿ ತೊಟ್ಟಿಗೆ ಬಿದ್ದಾರು ಅಂತ ಮೈದುನ ನೀರನ್ನೆಲ್ಲ ಮೊಗೆದು ಚೆಲ್ಲಿದ. ಒಳ್ಳೆಯದಕ್ಕೇ ಮಾಡಿದ. ಸುಣ್ಣದವರ ಮನೆಯಲ್ಲಿ ಹುಟ್ಟಿದವನು, ನೀರಿಲ್ಲದ ತೊಟ್ಟಿ ಅಂದರೆ ಏನು ಅಂತ ಗೊತ್ತಿಲ್ಲದವನಲ್ಲ. ಆದರೆ ಆಗ ಅವನಿಗೆ ತೊಟ್ಟಿ ಅಂದರೆ ಬರೀ ಹಳ್ಳ.

ಹಲವು ದಿನಗಳ ಮೇಲೆ ಅವಳು ಎದ್ದು ಹೊರಗೆ ಬರುವಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಸುಣ್ಣ ಬಿರಿದು, ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಗೂಡಿನ ಗೋಡೆಗೆ ಆನಿಸಿ ಸಿಮೆಂಟ್ ಚೀಲಗಳ ರಾಶಿ.

"ಇದೇನಿದು?"

"ಅತ್ತಿಗೆ, ಕೂತ್ಕೊಳ್ಳಿ, ಹೇಳ್ತೀನಿ," ಅಂದ ಮೈದುನ. "ತೊಟ್ಟಿ ಹೋಯ್ತು, ಕಲ್ಲಾಗಿದೆ. ಅದನ್ನ ಮುಚ್ಚಿ ಮೇಲೊಂದು ಶೆಡ್ ಹಾಕೋಣ. ಸಿಮೆಂಟ್ ಅಂಗಡಿ. ಗೂಡು ಕೆಡವಿದ್ರೆ ಜಾಗವೂ ಆಗುತ್ತೆ. ನಿಮ್ಮನ್ನ ನಾವು ನೋಡ್ಕೋತೀವಿ."

"ನನ್ನನ್ನ ನೋಡೋಕೆ ನಾನೇನು ಬೊಂಬೆಯಾ?"

"ಹಾಗಲ್ಲ. ಗಂಡಸಿಲ್ಲದ ಮನೇಲಿ ಗೂಡು ಯಾರು ಉರಿಸ್ತಾರೆ?"

ಅವಳು ತೊಟ್ಟಿಯ ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡಿದಳು.

ಸಂಜೆ ಗಾರೆ ಮೇಸ್ತ್ರಿ ಬಂದ. ಹಳೆಯ ಕಟ್ಟಡಗಳ ಗೋಡೆ ರಿಪೇರಿ ಮಾಡುವವನು. ಸಿಮೆಂಟ್ ಮೆತ್ತಿದರೆ ಹಳೆ ಗೋಡೆ ಉಬ್ಬಿ ಉದುರುತ್ತದೆ ಅಂತ ಬೆಳ್ಳಣ್ಣನ ಸುಣ್ಣಕ್ಕೇ ಕಾದಿದ್ದ. ಕಟ್ಟೆಯಿಂದ ಬಗ್ಗಿ ಕರಣೆಯ ಹಿಡಿಯಿಂದ ಕುಟ್ಟಿದ. ಟಣ್ ಅಂತು.

"ಅಕ್ಕಾ, ಏನು ಹೇಳಲಿ. ಕಲ್ಲು." ತಲೆ ತಗ್ಗಿಸಿ ಹೋದ.

ಮೈದುನ ಗೆದ್ದ ಮುಖ ಮಾಡಿದ. ಅದು ಅವಳಿಗೆ ಹೊಡೆದ ಹಾಗಾಯಿತು.

ಮರುದಿನ ಬೆಳಗ್ಗೆ ತೊಟ್ಟಿಗೆ ಮಣ್ಣು ತುಂಬಲು ಆಳುಗಳು ಬರುತ್ತಾರೆ ಅಂತ ಗೊತ್ತಾಯಿತು. ಅವಳು ಅವರಿಗಿಂತ ಮುಂಚೆ ಎದ್ದಳು. ಹಾರೆ ತೆಗೆದುಕೊಂಡಳು. ಗಂಡನ ಹಳೆ ಶರ್ಟು ತೊಟ್ಟು, ತೂತಿನ ಟವೆಲು ಮುಖಕ್ಕೆ ಕಟ್ಟಿ ತೊಟ್ಟಿಗೆ ಇಳಿದಳು. ಅವಳು ಎಂದೂ ಕಾಲಿಡದ ಜಾಗ ಅದು. ಹಾರೆ ಎತ್ತಿ ಹಾಕಿದಳು. ಪುಟಿದು ಬಂತು. ಮತ್ತೆ ಹಾಕಿದಳು.

ಅತ್ತೆ ಕೋಲೂರಿಕೊಂಡು ಬಂದು ಕಟ್ಟೆ ಹಿಡಿದು ನಿಂತಳು. "ಏನೇ, ತಲೆ ಕೆಟ್ಟಿದೆಯಾ?"

"ಕೆಟ್ಟಿದೆ."

"ಹಾಗಾದ್ರೆ ಸರಿ. ಹಾರೆ ಹಿಡಿಯೋ ರೀತಿ ಅದಲ್ಲ. ಬಿರುಕಿಗೆ ಇಟ್ಟು ಮೀಟು. ನನ್ನ ಗಂಡನೂ ನಿನ್ನ ಗಂಡನೂ ಗೂಡಲ್ಲಿ ಹಾಗೇ ಮಾಡ್ತಿದ್ದದ್ದು. ನೋಡಿ ನೋಡಿ ನನಗೆ ಸಾಕಾಗಿತ್ತು."

ಬಿರುಕಿಗೆ ಇಟ್ಟು ಮೀಟಿದಳು. ರೊಟ್ಟಿಯಂತೆ ಒಂದು ಚಕ್ಕೆ ಎದ್ದಿತು. ನಾಲ್ಕು ಬೆರಳು ದಪ್ಪ. ಅದರಡಿ ಹಾರೆಯ ಮೊನೆ ಸದ್ದಿಲ್ಲದೆ ಒಳಗೆ ಇಳಿಯಿತು. ಅವಳಿಗೆ ನಂಬಿಕೆ ಬರಲಿಲ್ಲ. ಅತ್ತೆಯ ಕೋಲು ಇಸಿದುಕೊಂಡು ಚುಚ್ಚಿದಳು. ಕೋಲು ಮುಳುಗಿತು. ತುದಿಯಲ್ಲಿ ತಣ್ಣನೆಯ ಬಿಳಿ ಮುದ್ದೆ ಎದ್ದು ಬಂತು. ಮೇಲಿನದು ಕಲ್ಲಾಗಿ ಮುಚ್ಚಳ ಹಾಕಿತ್ತು, ಕೆಳಗಿನದಕ್ಕೆ ಗಾಳಿ ತಾಕಿರಲೇ ಇಲ್ಲ.

ಅತ್ತೆ ಆ ಕೋಲಿನ ತುದಿ ನೋಡಿದಳು. "ದೊಡ್ಡವನ ಬೆಣ್ಣೆ," ಅಂದಳು. ಮಗ ಸತ್ತ ಮೇಲೆ ಮೊದಲ ಸಲ ಅತ್ತಳು. ಸೊಸೆ ಅಳಲಿಲ್ಲ, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಆಳುಗಳು ಗುದ್ದಲಿ ಹಿಡಿದು ಬರುತ್ತಿದ್ದರು, ಮುಂದೆ ಮೈದುನ.

"ಅತ್ತಿಗೆ, ಮೇಲೆ ಬನ್ನಿ!"

"ಬರಲ್ಲ. ಮಣ್ಣು ಹಾಕೋದಾದ್ರೆ ನನ್ನ ಮೇಲೇ ಹಾಕು."

ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ ಗುದ್ದಲಿ ನೆಲಕ್ಕಿಟ್ಟ.

"ಅಮ್ಮಾ, ನೀನಾದ್ರೂ ಹೇಳು," ಅಂದ ಮೈದುನ.

"ಹೇಳ್ತೀನಿ. ನೀರು ತಾ," ಅಂದಳು ಅತ್ತೆ. "ಚೆಲ್ಲಿದವನು ನೀನು, ತುಂಬೋನೂ ನೀನೇ."

ಅವನು ತರಲಿಲ್ಲ. ಆಳುಗಳು ತಂದರು.

ಸೊಸೆ ಮೇಸ್ತ್ರಿಗೆ ಹೇಳಿಕಳಿಸಿದಳು. ಅವನು ಬಂದು ಬೆರಳಲ್ಲಿ ಎತ್ತಿ, ಹೆಬ್ಬೆರಳಿಂದ ಸವರಿ, ನಕ್ಕುಬಿಟ್ಟ. "ನಾನೆಂಥ ಮೂರ್ಖ ಅಕ್ಕಾ. ಬಾಗಿಲು ತಟ್ಟಿ ಮನೇಲಿ ಯಾರೂ ಇಲ್ಲ ಅಂತ ಹೋದೆ." ಆದರೆ ಮೈದುನ ಬಿಡಲಿಲ್ಲ. "ಒಂದು ತೊಟ್ಟಿ ಎಷ್ಟು ದಿನ ಬರುತ್ತೆ? ಖಾಲಿಯಾದ ಮೇಲೆ?"

"ಗೂಡು ಉರಿಸ್ತೀನಿ."

"ನೀವು?"

"ಇನ್ಯಾರು, ನಿನ್ನ ಸಿಮೆಂಟ್ ಚೀಲವಾ?"

ಉರಿಸಿದಳು. ಒಂದು ಹಾಸು ಚಿಪ್ಪು, ಒಂದು ಹಾಸು ಇದ್ದಿಲು, ಅವನು ಮಾಡುತ್ತಿದ್ದಂತೆಯೇ. ಆದರೆ ಗಾಳಿಯ ಕಂಡಿ ಯಾವಾಗ ಮುಚ್ಚಬೇಕು ಅಂತ ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಬೇಗ ಮುಚ್ಚಿದಳು. ಮೊದಲ ಬುಟ್ಟಿಯನ್ನು ನೀರಿಗೆ ಮಗುಚಿ ಹಿಂದೆ ಸರಿದು ಕಾದಳು. ಸಿಡಿಯಲಿಲ್ಲ. ಕುದಿಯಲಿಲ್ಲ. ಅರೆಬೆಂದ ಚಿಪ್ಪು ಹಾಗೇ ತಳ ಸೇರಿ ಕಣ್ಣು ಬಿಟ್ಟುಕೊಂಡು ಕೂತಿತು. ಬೇಲಿಯಾಚೆ ನಿಂತವರು ನಕ್ಕರು. ಒಬ್ಬಳಂತೂ, "ಹೆಂಗಸಿನ ಕೈಗೆ ನೀರೂ ಕುದಿಯಲ್ಲ," ಅಂದಳು.

"ನಿಮ್ಮನೆ ಕೋಳಿಗೆ ಬೇಕೇನಮ್ಮ? ಮೊಟ್ಟೆಗೆ ಒಳ್ಳೇದು," ಅಂದಳು ಇವಳು. ಬೇಯದ ಚಿಪ್ಪನ್ನೆಲ್ಲ ಜರಡಿಯಲ್ಲಿ ಎತ್ತಿ ಬೇರೆ ಹಾಕಿದಳು. ಮೈ ತುಂಬ ಮಸಿ, ಕಣ್ಣು ತುಂಬ ಹೊಗೆ. ಒಳಗೆ ಹೋಗಿ ಯಾರಿಗೂ ಕಾಣದ ಹಾಗೆ ಅತ್ತಳು. ನೆಲದ ಮೇಲೆ ಅವನ ಸುಣ್ಣದ ಹೆಜ್ಜೆಗಳಿದ್ದವು. ಜನ ಓಡಾಡಿದರೂ ಹೋಗಿರಲಿಲ್ಲ, ಒಣಗಿ ಕಲ್ಲಾಗಿದ್ದವು. "ಹೇಳಿಕೊಟ್ಟು ಸಾಯೋಕೆ ಏನಾಗಿತ್ತು ನಿಮಗೆ?" ಅಂತ ಆ ಹೆಜ್ಜೆಗಳಿಗೆ ಬೈದಳು. ಬೈದ ಮೇಲೆ ಹಗುರವಾಯಿತು. ಮತ್ತೆ ಇದ್ದಿಲು ತರಲು ಹೋದಳು.

ಎರಡನೆಯ ಸಲ ಕಂಡಿ ಮುಚ್ಚುವ ಮುಂಚೆ ಚಿಪ್ಪೊಂದನ್ನು ಇಕ್ಕಳದಲ್ಲಿ ಎಳೆದು, ಆರಿಸಿ, ಕೈಯಲ್ಲಿ ತೂಗಿ ನೋಡಿದಳು. ಭಾರ. ಮತ್ತಷ್ಟು ಉರಿಸಿದಳು. ಮತ್ತೊಂದು ಎಳೆದಳು. ತರಗೆಲೆ. ಆಗ ಮುಚ್ಚಿದಳು.

ಬುಟ್ಟಿ ಮಗುಚಿದಾಗ ಮೊದಲು ಸದ್ದಿಲ್ಲ. ಬೇಲಿಯಾಚೆ ಯಾರೋ ಕೆಮ್ಮಿದರು. ಆಮೇಲೆ ಚಟ್ ಅಂತು ಒಂದು. ಇನ್ನೊಂದು. ತೊಟ್ಟಿಯೆಲ್ಲ ಕುದಿದು ಹಬೆ ಎದ್ದಿತು. ಅತ್ತೆ ಕೋಲಿನಿಂದ ಕಟ್ಟೆ ಕುಟ್ಟಿದಳು. "ಯಾರೇ ಅವಳು, ನೀರು ಕುದಿಯಲ್ಲ ಅಂದೋಳು? ಬಾ, ಕೈ ಇಟ್ಟು ನೋಡು!"

ಯಾರೂ ಬರಲಿಲ್ಲ.

ಮಳೆಗಾಲ ಬಂದಾಗ ಮೈದುನ ತನ್ನ ಚೀಲಗಳನ್ನು ಒಳಗೆ ಇಡಲು ಜಾಗ ಕೇಳಿದ. ಗೂಡಿನೊಳಗೆ ಚಿಪ್ಪಿತ್ತು, ಚಪ್ಪರದಡಿ ಇದ್ದಿಲಿತ್ತು. ಜಾಗವಿಲ್ಲ ಅಂದಳು. ಅವನು ಒಯ್ಯುವ ಮುಂಚೆ ಒಂದೇ ಮಳೆಗೆ ಎರಡು ಚೀಲ ನೆನೆದು ಗಟ್ಟಿಯಾದವು. ಅವನ್ನು ಬಿಟ್ಟು ಉಳಿದವನ್ನು ಹೊತ್ತುಕೊಂಡು ಹೋದ. ಈಗಲೂ ಹಬ್ಬದೂಟಕ್ಕೆ ಕರೆದರೆ ಬರುತ್ತಾನೆ, ತೊಟ್ಟಿಯ ಕಡೆ ನೋಡುವುದಿಲ್ಲ.

ಕಟ್ಟೆ ಅವಳಿಗೆ ಎತ್ತರ. ಅವನಿಗೆ ಸೊಂಟದಷ್ಟಿತ್ತು, ಅವಳಿಗೆ ಎದೆಯಷ್ಟು. ಅದಕ್ಕೆ ಆ ಎರಡು ಚೀಲಗಳನ್ನು ಉರುಳಿಸಿ ತಂದು ಕಟ್ಟೆಯ ಬುಡಕ್ಕೆ ಇಟ್ಟಿದ್ದಾಳೆ. ಬೆಳಗ್ಗೆ ಎದ್ದವಳೇ, ಮುಖ ತೊಳೆಯುವ ಮುಂಚೆ, ಕೊಡ ಎತ್ತಿಕೊಂಡು ಸಿಮೆಂಟಿನ ಮೇಲೆ ಕಾಲಿಟ್ಟು ಹತ್ತುತ್ತಾಳೆ. ನೀರಿನ ಮೇಲೆ ರಾತ್ರಿ ಕಟ್ಟಿದ ತೆಳು ಕೆನೆಯನ್ನು ಕೋಲಿನಿಂದ ಒಡೆಯುತ್ತಾಳೆ. ತೊಟ್ಟಿಗೆ ನೀರು ಹೊಯ್ಯುತ್ತಾಳೆ.