ಕೊನೇಕ್ಷಣ ಸಾರ್

ಆನ್‌ಲೈನ್ ಹರಾಜಿನಲ್ಲಿ ನಾನು ಬೆಳಿಗ್ಗೆಯೇ ಧಾರಾಳವಾಗಿ ಕೂಗಿ, ಸಂಜೆಯವರೆಗೆ ಊರಿಗೆಲ್ಲ ಬೆಲೆ ಏರಿಸಿಕೊಟ್ಟು, ಬರಿಗೈಲಿ ಮನೆಗೆ ಹೋಗುವ ಗಿರಾಕಿ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಕೊನೇಕ್ಷಣ ಸಾರ್ ನನ್ನಂಥವರನ್ನು ಹುರಿದು ಮುಕ್ಕುವವರು. ಹರಾಜು ಮುಗಿಯುವ ಗಳಿಗೆಯವರೆಗೂ ಅವರು ಒಂಟಿಕಾಲಿನ ಕೊಕ್ಕರೆ. ಮ್ಯಾನೇಜರ್ ಬಂದರೂ ಏಳುವುದಿಲ್ಲ, ಸೀನು ಬಂದರೆ ಅದನ್ನೂ ಕಾಯಿಸುತ್ತಾರೆ. ಆಮೇಲೆ ಟಕ್ಕನೆ ಒಂದು ಬೆರಳು, ಢಮಾರೆಂದು ಒಂದು ಸೀನು, ನಾನು ಕಣ್ಣಿಟ್ಟ ಟೇಬಲ್ ಫ್ಯಾನು ಅವರ ಪಾಲು. "ಇದು ನ್ಯಾಯಾನಾ ಸಾರ್?" ಎಂದರೆ, "ಆಸೇನ ಮೊದಲೇ ತೋರಿಸಿದೋನು ಕೆಟ್ಟ ಕಣಯ್ಯ," ಎಂದು ನಗುತ್ತಾರೆ. ಅಂಥವರು ನಿನ್ನೆ, ಹರಾಜು ಶುರುವಾದ ಮೊದಲ ನಿಮಿಷಕ್ಕೇ, ಒಂದು ತೋಳು ಉದ್ದ ಒಂದು ಗಿಡ್ಡ ಇದ್ದ ಸ್ವೆಟರಿಗೆ ಕೂಗಿಬಿಟ್ಟರು. ನಾನು ಬೆಚ್ಚಿದೆ. "ನಮ್ಮನೆಯವಳು ಹೆಣೆದಿದ್ದು," ಎಂದರು ಮೆಲ್ಲಗೆ. "ಹೋದ್ ಸಲ ಒಬ್ಬರೂ ಕೂಗಲಿಲ್ಲ. ಇಡೀ ದಿನ ಫೋನೇ ನೋಡ್ತಾ ಕೂತಿದ್ಲು." "ಹೆಂಡತಿ ಮಾಲಿಗೆ ಗಂಡನೇ ಕೂಗೋದು ಮೋಸ ಅಲ್ವಾ ಸಾರ್?" "ಮೋಸಾನೇ ಕಣಯ್ಯ." ಸ್ವಲ್ಪ ಹೊತ್ತಿಗೆ ಅವರ ಬೆಲೆಯ ಮೇಲೆ ಯಾರದೋ ಬೆಲೆ ಬಿತ್ತು. ಸೋತ ಸಾರ್ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಫೋನು ಹಚ್ಚಿದರು. ನಾನು ನನ್ನ ಫೋನನ್ನು ಮೇಜಿನಡಿ ಬಚ್ಚಿಟ್ಟು, ಆ ಉದ್ದ ತೋಳನ್ನು ಎಷ್ಟು ಮಡಚಬೇಕಾದೀತೆಂದು ಯೋಚಿಸತೊಡಗಿದೆ.