‘ಚೆನ್ನಾಗಿದ್ದೀನಿ ಸ್ವಾಮಿ’ ಎಂಬ ಸಾಕ್ಷ್ಯ

ಜೈಲಿನ ಅಧಿಕಾರಿಗಳು ನ್ಯಾಯಾಲಯಕ್ಕೆ ಸುಳ್ಳು ಹೇಳಿದರು. ಸರ್ಕಾರಿ ವಕೀಲರು ಆ ಸುಳ್ಳನ್ನು ಎತ್ತಿ ಓದಿದರು. ಅದನ್ನು ಪರೀಕ್ಷಿಸಬೇಕಾಗಿದ್ದ ನ್ಯಾಯಾಧೀಶರು ಪರೀಕ್ಷಿಸದೆಯೇ ನನ್ನ ಸೋದರಮಾವನ ಶಿಕ್ಷೆಯ ಪ್ರಮಾಣವನ್ನು ನಿಗದಿಪಡಿಸಿದರು. ಇದನ್ನು ನಾನು ಕೋಪದಲ್ಲಿ ಬರೆಯುತ್ತಿದ್ದೇನೆ ಎಂದರೆ ಅಲ್ಲಗಳೆಯುವುದಿಲ್ಲ. ಬರೆಯುವವಳಿಗೆ ಕೋಪ ಬಂದಿದೆ ಎಂಬ ಕಾರಣಕ್ಕೆ ನಡೆದದ್ದು ನಡೆಯದೇ ಹೋಗುವುದಿಲ್ಲ.

ಮಾವ ಹೊಡೆದದ್ದು ನಿಜ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ವಿದ್ಯುತ್ ಮಗ್ಗದ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದವರು ಮೆಲ್ಲಗೆ ಮಾತಾಡುವುದನ್ನು ಕಲಿಯುವುದೇ ಇಲ್ಲ. ಊಟಕ್ಕೆ ಕೂತು ಉಪ್ಪು ಕೇಳುವಾಗಲೂ ಕೂಗುತ್ತೇವೆ. ಅದರಲ್ಲೂ ಮಾವನದು ದೊಡ್ಡ ಗಂಟಲು. ವಿಶ್ವವಿದ್ಯಾಲಯದಿಂದ ನಾನು ರಜೆಗೆ ಬಂದರೆ ಬೀದಿಯ ಆ ತುದಿಯಿಂದಲೇ, “ಏನ್ ಲಾಯರಮ್ಮ, ಬಂದ್ಬಿಟ್ಟಾ? ಯಾವ್ ಕೇಸ್ ಗೆದ್ದೆ?” ಎನ್ನುತ್ತಿದ್ದ. ನಾನು ಓದುತ್ತಿದ್ದದ್ದು ರಾಜ್ಯಶಾಸ್ತ್ರ. ಅವನ ಲೆಕ್ಕದಲ್ಲಿ ಅದೆಲ್ಲ ಒಂದೇ.

ಮೊದಲ ಲಾಕ್‌ಡೌನ್ ಸಡಿಲವಾಗಿ ಮಗ್ಗ ಮತ್ತೆ ಓಡತೊಡಗಿದಾಗ, ಗೋಡೆಯ ಆಚೆಬದಿಯ ಮನೆಯಲ್ಲಿ ಎಳೆಗೂಸಿತ್ತು. ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲ. ಮಗು ಮಲಗುತ್ತಿಲ್ಲವೆಂದು ಅದರ ತಂದೆ ದಿನವೂ ಜಗಳಕ್ಕೆ ಬಂದ. ಒಂದು ಮಧ್ಯಾಹ್ನ ನಮ್ಮ ಮಗ್ಗದ ತಂತಿಯನ್ನೇ ಕತ್ತರಿಸಿದ. ಓಡುತ್ತಿದ್ದ ಮಗ್ಗ ನಿಂತಿತು. ಮಾವ ಕಬ್ಬಿಣದ ಸಲಾಕೆ ತೆಗೆದುಕೊಂಡು ಹೊರಗೆ ಹೋದ. ಮಗುವಿನ ತಂದೆಯ ಬಲಗೈ ಮೂಳೆ ಮುರಿಯಿತು. ಗಾಯಗೊಂಡವನು ಒಂದೇ ಗೋಡೆಯ ನೆರೆಯವನಾದ್ದರಿಂದ, ಹೊರಗೆ ಬಿಟ್ಟರೆ ಸಾಕ್ಷಿಯನ್ನು ಹೆದರಿಸಬಹುದೆಂದು ಮಾವನಿಗೆ ಜಾಮೀನು ಸಿಗಲಿಲ್ಲ.

ಕೊರೊನಾದ ನೆಪದಲ್ಲಿ ಜೈಲು ಭೇಟಿಯನ್ನು ನಿಲ್ಲಿಸಿತ್ತು. ನಾವು ಅವನನ್ನು ಮತ್ತೆ ಕಂಡದ್ದು ವಿಡಿಯೊ ವಿಚಾರಣೆಯಲ್ಲಿ. ನಮ್ಮ ವಕೀಲರ ಕಚೇರಿಯ ಕಂಪ್ಯೂಟರಿನ ಒಂದು ಚೌಕದಲ್ಲಿ ನ್ಯಾಯಾಧೀಶರು, ಇನ್ನೊಂದರಲ್ಲಿ ಮಾವ. ಮುಖಕ್ಕೆ ಮಾಸ್ಕ್, ಪಕ್ಕದಲ್ಲಿ ಜೈಲಿನ ಸಿಬ್ಬಂದಿಯೊಬ್ಬರ ಮೊಣಕೈ. ಮಗನನ್ನು ನೋಡಲೇಬೇಕೆಂದು ಅಜ್ಜಿಯೂ ಬಂದಿದ್ದಳು. ವಕೀಲರು ಅವಳನ್ನು ಕ್ಯಾಮೆರಾಕ್ಕೆ ಕಾಣುವಂತೆ ತಮ್ಮ ಹಿಂದೆ ನಿಲ್ಲಿಸಿಕೊಂಡರು.

ನ್ಯಾಯಾಧೀಶರು ಕೇಳಿದರು: “ಏನಪ್ಪಾ, ಜೈಲಲ್ಲಿ ಏನಾದ್ರೂ ತೊಂದರೆ ಇದೆಯಾ?”

ಮಾವ ಏನೋ ಅಂದ. ಕೇಳಿಸಲಿಲ್ಲ. “ಜೋರಾಗಿ ಹೇಳಪ್ಪಾ” ಎಂದರು.

“ಏನೂ ಇಲ್ಲ. ಚೆನ್ನಾಗಿದ್ದೀನಿ ಸ್ವಾಮಿ.”

ನಮ್ಮ ಕಡೆ ತಾಯಿಯ ಎದುರು ಬೇರೆ ಉತ್ತರವಿಲ್ಲ. ಜ್ವರದಲ್ಲಿ ಬೇಯುತ್ತಿದ್ದರೂ ಅವ್ವ ಕೇಳಿದರೆ ಚೆನ್ನಾಗಿದ್ದೀನಿ. ಕೆಲಸ ಹೋದರೂ ಚೆನ್ನಾಗಿದ್ದೀನಿ. ಈ ನೆಲದಲ್ಲಿ ಹುಟ್ಟಿದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅಂದಿನ ನಡಾವಳಿಯಲ್ಲಿ ಹೀಗೆ ದಾಖಲಾಯಿತು: ‘ಆರೋಪಿಯನ್ನು ವಿಚಾರಿಸಲಾಗಿ, ಯಾವುದೇ ತೊಂದರೆ ಇರುವುದಿಲ್ಲವೆಂದು ತಿಳಿಸಿರುತ್ತಾನೆ.’

ಕಚೇರಿಯ ಮೆಟ್ಟಿಲಿಳಿಯುವಾಗ ಅಜ್ಜಿ ನನ್ನ ತೋಳು ಹಿಡಿದು ನಿಂತಳು. “ಅವ್ನು ಚೆನ್ನಾಗಿಲ್ಲ ಕಣೇ.”

“ಅವನೇ ಹೇಳಿದ್ನಲ್ಲ ಅಜ್ಜಿ.”

“ಏನ್ ಹೇಳ್ದ ಅಂತ ಬಿಡು. ಹೆಂಗ್ ಹೇಳ್ದ ಕೇಳುಸ್ಕೊಂಡಾ? ನನ್ ಮಗ ಯಾವತ್ತು ಅಷ್ಟು ಮೆಲ್ಲಗ್ ಮಾತಾಡವ್ನೆ?”

ಭೇಟಿಗೆ ಅವಕಾಶ ಮರಳಿ ಸಿಕ್ಕಿದ ಮೇಲೆ, ಗಾಜಿನ ಈಚೆ ನಾನೊಬ್ಬಳೇ ಕೂತಾಗ, ಮಾವ ಹೇಳಿದ. ಹೊಸದಾಗಿ ಬಂದವರನ್ನು ಕ್ವಾರಂಟೈನ್ ಎಂದು ಒಂಟಿ ಕೋಣೆಯಲ್ಲಿ ಇಡುತ್ತಿದ್ದರು. ಸೋಂಕು ತಡೆಯಲು ಅದು ಬೇಕಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಆಸ್ಪತ್ರೆಗೆಂದು ಗೇಟು ದಾಟಿ ಮರಳಿದವರೂ ಪುನಃ ಅದೇ ಕೋಣೆಗೆ ಹೋಗಬೇಕಿತ್ತು, ಎಣಿಕೆ ಮತ್ತೆ ಮೊದಲ ದಿನದಿಂದ. ಮಾವನ ದವಡೆ ಊದಿ ಎರಡು ಸಲ ಆಸ್ಪತ್ರೆಗೆ ಒಯ್ದಿದ್ದರು. ಎರಡು ಸಲವೂ ಹಿಂದಿರುಗಿದ್ದು ಆ ಕೋಣೆಗೆ. ಮೂರನೆಯ ಸಲ ಹಲ್ಲು ನೋಯುತ್ತಿದೆ ಎಂದು ಅವನು ಯಾರಿಗೂ ಹೇಳಲಿಲ್ಲ. ಬಿಡುಗಡೆಯಾಗುವ ದಾರಿಯಿಲ್ಲದವನು, ವೈದ್ಯನ ಬಳಿಗೆ ಹೋಗುವ ದಾರಿಯನ್ನೂ ತಾನೇ ಮುಚ್ಚಿಕೊಂಡ.

“ಅಲ್ಲಿ ಸದ್ದೇ ಇಲ್ಲ ಕಣೇ,” ಎಂದ. “ಮಗ್ಗ ಇಲ್ದೆ ನಂಗೆ ನಿದ್ದೆ ಬರಲ್ಲ, ನಿಂಗೊತ್ತಲ್ಲ. ನಾನೇ ಬಾಯಲ್ಲಿ ಟಕಟಕ ಅಂತ ಮಾಡ್ತಿದ್ದೆ. ಆಮೇಲ್ ಅದೂ ಆಗ್ಲಿಲ್ಲ.” ಏಳುವ ಮುನ್ನ, “ಅವ್ವಂಗೆ ಹೇಳ್ಬೇಡ” ಎಂದ.

ಅಪರಾಧ ಸಾಬೀತಾಯಿತು, ಅದರಲ್ಲಿ ನನ್ನ ತಕರಾರಿಲ್ಲ. ಉಳಿದಿದ್ದದ್ದು ಶಿಕ್ಷೆ ಎಷ್ಟು ಎಂಬ ಪ್ರಶ್ನೆ. ಆ ಹೊತ್ತಿಗೆ ಒಳಗೆ ಕಳೆದ ಅವಧಿಯನ್ನೇ ಸಾಕಷ್ಟು ಶಿಕ್ಷೆಯೆಂದು ಪರಿಗಣಿಸಬೇಕೆಂದು ನಮ್ಮ ವಕೀಲರು ಕೇಳಿದರು. ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕಳೆದ ದಿನ, ಅಂಗಳಕ್ಕೆ ಬಂದು ನಾಲ್ಕು ಜನರೊಡನೆ ಉಂಡ ದಿನಕ್ಕೆ ಸಮವಲ್ಲ ಎಂಬುದು ಅವರ ವಾದ. ಸರ್ಕಾರಿ ವಕೀಲರು ಎದ್ದರು. ಒಳಗೆ ಕಳೆದ ದಿನಗಳನ್ನು ಶಿಕ್ಷೆಯಿಂದ ಕಡಿತ ಮಾಡಲು ಕಾನೂನು ಇದೆ, ದಿನಕ್ಕೆ ದಿನ. ಅದಕ್ಕಿಂತ ಹೆಚ್ಚಿಗೆ ಇಲ್ಲ ಎಂದರು. ಬಳಿಕ ಜೈಲಿನ ವರದಿ ಓದಿದರು: ಎಲ್ಲ ಬಂದಿಗಳಿಗೂ ಎಂದಿನಂತೆ ಸೌಲಭ್ಯ ಒದಗಿಸಲಾಗಿದೆ. ಎಂದಿನಂತೆ! ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಜೈಲೊಂದೇ ಎಂದಿನಂತೆ ಇತ್ತಂತೆ. ಕೊನೆಗೆ, ಆರೋಪಿಯೇ ತೊಂದರೆಯಿಲ್ಲ ಎಂದಿದ್ದಾನೆಂದು ಆ ಹಳೆಯ ನಡಾವಳಿಯ ಸಾಲನ್ನು ತೋರಿಸಿದರು.

ಅಂದು ಮಾವನನ್ನು ಖುದ್ದಾಗಿ ಕರೆತಂದಿದ್ದರು. ಅಜ್ಜಿ ಮಾತ್ರ ಒಳಗೆ ಬರಲಿಲ್ಲ. “ನಾನಿದ್ರೆ ಅವ್ನು ಬಾಯ್ ಬಿಡಲ್ಲ, ನೀನ್ ಹೋಗು” ಎಂದು ನನ್ನನ್ನು ಕಳಿಸಿ, ನ್ಯಾಯಾಲಯದ ಆವರಣದ ಹೊಂಗೆ ಮರದ ಕೆಳಗೆ ಕೂತಳು. ಮಾವ ಹೇಳಿದ್ದನ್ನು ನಾನು ಹೇಳಿರಲಿಲ್ಲ, ಆದರೂ ಅವಳಿಗೆ ಗೊತ್ತಾಗಿತ್ತು.

ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಮಾವ ಎಲ್ಲವನ್ನೂ ಹೇಳಿದ. ಕೋಣೆ, ಹಲ್ಲು, ಸದ್ದಿಲ್ಲದ ರಾತ್ರಿಗಳು. ಕಟಕಟೆಯ ಮರವನ್ನು ಹಿಡಿದುಕೊಂಡಿದ್ದ.

“ಹಾಗಾದ್ರೆ ಅವತ್ತು ಕೇಳ್ದಾಗ ಯಾಕೆ ಹೇಳ್ಲಿಲ್ಲ?”

“ಅವ್ವ ಅಲ್ಲೇ ನಿಂತಿತ್ತು ಸ್ವಾಮಿ.”

ಯಾರೂ ನಗಲಿಲ್ಲ. ಬೆರಳಚ್ಚುಗಾರರು ನ್ಯಾಯಾಧೀಶರ ಮುಖ ನೋಡಿದರು, ಬರೆದುಕೊಳ್ಳಲೇ ಎಂಬಂತೆ. ನ್ಯಾಯಾಧೀಶರು ಮುಂದಿನ ಸಾಲು ಬರೆಸತೊಡಗಿದರು. ಆದೇಶದ ಪ್ರತಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: ‘ತೊಂದರೆ ಇರುವುದಿಲ್ಲ’ ಎಂಬುದು ಅದರಲ್ಲಿದೆ, ಮಾವನ ಆ ಉತ್ತರ ಇಲ್ಲ. ಕಳೆದ ದಿನಗಳನ್ನು ದಿನಕ್ಕೆ ದಿನವೆಂದೇ ಎಣಿಸಿ, ಇನ್ನೂ ವರ್ಷಗಳು ಒಳಗಿರುವಂತೆ ಶಿಕ್ಷೆ ವಿಧಿಸಲಾಯಿತು.

ಹೊರಗೆ ಅಜ್ಜಿ ಎದ್ದು ನಿಂತಿದ್ದಳು. ಎಷ್ಟು ವರ್ಷ ಎಂದು ಕೇಳಲಿಲ್ಲ. “ಹೇಳಿದ್ನಾ?”

“ಹೇಳ್ದ ಅಜ್ಜಿ.”

“ಜೋರಾಗ್ ಹೇಳಿದ್ನಾ?”

ನಾನು ಅವಳ ತೋಳು ಹಿಡಿದು ಗೇಟಿನತ್ತ ನಡೆದೆ. ಈಗಲೂ ನಮ್ಮ ಮಗ್ಗ ನಿಂತೇ ಇದೆ. ಮನೆಯಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಗೋಡೆಯ ಆಚೆ ಆ ಮಗು ನಡೆಯತೊಡಗಿದೆ. ಅದರ ಗೆಜ್ಜೆಯ ಸದ್ದು ಕೇಳಿಸುವಷ್ಟು ನಿಶ್ಶಬ್ದದಲ್ಲಿ ನಾವೂ ಬಂದಿಗಳಂತೆ ಕೂತಿದ್ದೇವೆ. ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ.

ಆದ್ದರಿಂದ ಜೈಲಿನ ಆಡಳಿತವನ್ನೂ ಅದರ ಮೇಲಿರುವ ಸರ್ಕಾರವನ್ನೂ ನಾನು ಈ ಮೂಲಕ ಲಿಖಿತ ಉತ್ತರ ಕೇಳುತ್ತಿದ್ದೇನೆ. ಆ ಅವಧಿಯಲ್ಲಿ ನನ್ನ ಮಾವನನ್ನು ಒಂಟಿಯಾಗಿ ಇರಿಸಿದ ದಿನಗಳೆಷ್ಟು, ಯಾರ ಆದೇಶದಂತೆ, ಮತ್ತು ‘ಎಂದಿನಂತೆ’ ಎಂಬ ಪದಕ್ಕೆ ಸಹಿ ಹಾಕಿದವರು ಯಾರು ಎಂಬುದನ್ನು ಬಹಿರಂಗಪಡಿಸಬೇಕು. ಆ ವಿವರವನ್ನು ಮೇಲ್ಮನವಿಯ ವಿಚಾರಣೆಗೆ ಮುನ್ನ ನ್ಯಾಯಾಲಯದ ಮುಂದಿಡಬೇಕು. ಇನ್ನು ನ್ಯಾಯಾಲಯದಲ್ಲಿ ನನ್ನ ವಿನಂತಿ ಇಷ್ಟೇ: ಬಂದಿಯನ್ನು ಆತನ ಸ್ಥಿತಿಯ ಬಗ್ಗೆ ಕೇಳುವಾಗ, ಪಕ್ಕದಲ್ಲಿ ಜೈಲಿನವರಾಗಲಿ ಎದುರಿನಲ್ಲಿ ತಾಯಿಯಾಗಲಿ ಇರದಂತೆ ನೋಡಿಕೊಂಡು ಕೇಳಬೇಕು, ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಬೇಕು, ಅದನ್ನು ತೂಗಿದ ನಂತರವೇ ಶಿಕ್ಷೆ ವಿಧಿಸಬೇಕು. ನನ್ನ ಮಾವನ ಮಟ್ಟಿಗೆ, ದಾಖಲಾಗದೆ ಉಳಿದ ಆ ಒಂದು ವಾಕ್ಯವನ್ನು ದಾಖಲಿಸಿಕೊಂಡು ಶಿಕ್ಷೆಯನ್ನು ಮರುಪರಿಶೀಲಿಸಬೇಕು.